ನಮ್ಮ ಹೆಡ್ ಮೇಡಂ ಬೀಳ್ಕೊಡುಗೆ ಬೇಡ ಅಂತಿದ್ದಾರೆ, ಏನು ಮಾಡೋಣ?

ಸಿದ್ದಾಪುರದ ಹಳೆ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ಕೊಡಗಿನ ಸಿದ್ದಾಪುರ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನ ವಿಷಯ. ನಾನು ಅಲ್ಲೇ ಓದಿದವಳು. ಈಗ ನನ್ನ ಮಗಳು ಅಲ್ಲಿ ಒಂಬತ್ತನೇ ಕ್ಲಾಸ್, ನಾನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯೆ. ನಮ್ಮ ಹೆಡ್ ಮೇಡಂ ಈ ಮೇ 31ಕ್ಕೆ ನಿವೃತ್ತಿ ಆಗುತ್ತಾರೆ.

ಮೇಡಂ ಗದಗ ಕಡೆಯವರು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಕನ್ನಡ ಟೀಚರ್ ಆಗಿ ಬಂದರು. ಆಮೇಲೆ ಬೇರೆ ಕಡೆ ಹೋಗಿ ಒಂಬತ್ತು ವರ್ಷದ ಹಿಂದೆ ಹೆಡ್ ಆಗಿ ಮತ್ತೆ ನಮ್ಮಲ್ಲಿಗೇ ಬಂದರು. ಬಯಲುಸೀಮೆಯಿಂದ ಬಂದವರು ಇಲ್ಲಿನ ಮಳೆ ನೋಡಿ ಮೊದಲ ವರ್ಷವೇ ವರ್ಗಾವಣೆ ಅರ್ಜಿ ಹಾಕುವುದು ನಮಗೆ ಹೊಸದಲ್ಲ. ಇವರು ಹಾಕಲಿಲ್ಲ. 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಯಹುದಿಕೇರಿ ಕಡೆ ಹೊಳೆ ದಡದ ಮನೆಗಳೆಲ್ಲಾ ಹೋದಾಗ ಪರಿಹಾರ ಕೇಂದ್ರಗಳಿಗೆ ಹೋಗಿ, ಯಾವ ಮಗುವಿನ ಪುಸ್ತಕ ನೀರಲ್ಲಿ ಹೋಯಿತು ಅಂತ ಪಟ್ಟಿ ಮಾಡಿಕೊಂಡು ಬಂದವರು ಇವರು. 2020ರಲ್ಲಿ ಕೊರೋನಾಕ್ಕೆ ಶಾಲೆ ಮುಚ್ಚಿ, ಶಾಲೆಯ ಹೊರಗೇ ಪಾಠ ಮುಂದುವರಿಸುವ ವಿದ್ಯಾಗಮ ಯೋಜನೆ ಶುರುವಾದಾಗ ನಮ್ಮಲ್ಲಿ ನೆಟ್‌ವರ್ಕ್ ಎಲ್ಲಿತ್ತು? ಕಾಫಿ ಒಣಗಿಸುವ ಕಣದಲ್ಲಿ ಮಕ್ಕಳನ್ನು ದೂರ ದೂರ ಕೂರಿಸಿ ಪಾಠ ಮಾಡಿದರು.

ಹೀಗಿರುವಾಗ ಒಂದು ಕಾರ್ಯಕ್ರಮ ಮಾಡಲೇಬೇಕು ಅಂತ ಊರಿನ ಎಲ್ಲರ ಆಸೆ. ಆದರೆ ಮೇಡಂ ಬೇಡವೇ ಬೇಡ ಅಂತಿದ್ದಾರೆ. ಕಾರಣ ನನಗೆ ಗೊತ್ತು. ನಾನು ಓದುವಾಗ ಒಬ್ಬ ಹೆಡ್‌ಮಾಸ್ಟರ್ ನಿವೃತ್ತರಾದರು, ಆಗ ಮಕ್ಕಳಿಂದ ತಲಾ 40 ರೂಪಾಯಿ ಎತ್ತಿದರು. ತೋಟದ ಕೂಲಿಯವರ ಲೈನ್ ಮನೆಯ ಒಬ್ಬ ಹುಡುಗ ಅದು ಕೊಡಲಾಗದೆ ಎರಡು ದಿನ ಶಾಲೆಗೆ ಬರಲಿಲ್ಲ. ಮೂರನೇ ದಿನ ಮೇಡಂ ಹೋಗಿ ಕರೆದುಕೊಂಡು ಬಂದರು. ಅವನು ನನ್ನ ಕ್ಲಾಸಿನವನೇ. ತಲೆ ತಗ್ಗಿಸಿಕೊಂಡು ಒಳಗೆ ಬಂದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೊನ್ನೆ ನಾವು ವಿಷಯ ಎತ್ತಿದಾಗ ಮೇಡಂ ಅದನ್ನೇ ನೆನಪಿಸಿದರು.

ಈಗ ಹೇಳಿ, ಏನು ಮಾಡೋದು? ಅವರಿಗೆ ನೋವಾಗದ ಹಾಗೆ ಮಾಡಲು ದಾರಿ ಇದೆಯಾ? ಯಾವಾಗ ಇಟ್ಟುಕೊಂಡರೆ ಒಳ್ಳೆಯದು? ಮೇ 31ಕ್ಕೆ ಮಕ್ಕಳು ಇರುತ್ತಾರೋ ಇಲ್ಲವೋ. ಜೂನ್‌ನಲ್ಲಿ ಮಾಡಿದರೆ ಮಳೆ. ಅಸ್ಸಾಂ ಕಡೆಯಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳೂ ನಮ್ಮಲ್ಲಿ ಸುಮಾರು ಜನ ಇದ್ದಾರೆ. ಆ ಅಪ್ಪ ಅಮ್ಮಂದಿರಿಗೆ ಕನ್ನಡ ಅಷ್ಟಾಗಿ ಬರುವುದಿಲ್ಲ. ಅವರೂ ಬರಬೇಕು ಅಂತ ನನ್ನ ಆಸೆ.

ನಿವೃತ್ತ ಮೇಷ್ಟ್ರು, ಶನಿವಾರಸಂತೆ

ತಂಗಿ, ನಾನೂ ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರ್ ಆಗಿ ನಿವೃತ್ತನಾದವನು. ನನ್ನದೂ ಮೇ 31. ನಮ್ಮ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಗೊತ್ತಿಲ್ಲದಿದ್ದರೆ ಮೇಷ್ಟ್ರೇ ಜೂನ್ 1 ಅಂತ ಬರೆದುಬಿಡುತ್ತಿದ್ದರು. ಒಂದನೇ ತಾರೀಕು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತಿ. ಹಾಗಾಗಿ ಮೇ 31ಕ್ಕೆ ಮನೆಗೆ ಹೋಗುವ ಮೇಷ್ಟ್ರುಗಳು ಅಷ್ಟೊಂದು ಜನ. ನಾನು ಹೋದ ದಿನ ಶಾಲೆ ಶುರುವಾಗಿ ಎರಡೇ ದಿನ ಆಗಿತ್ತು. ಅರ್ಧಕ್ಕರ್ಧ ಮಕ್ಕಳು ಅಜ್ಜಿ ಮನೆಯಿಂದ ಬಂದಿರಲಿಲ್ಲ. ಬೀಗದ ಕೈ ಗೊಂಚಲು ಕೊಟ್ಟು, ಸಹಿ ಹಾಕಿ, ಬಸ್ಸಿಗೆ ನಿಂತೆ. ನಿಮ್ಮ ಮೇಡಂಗೆ ಹಾಗಾಗುವುದು ಬೇಡ.

ಏಪ್ರಿಲ್ 10ರ ಹೊತ್ತಿಗೆ ಬೇಸಿಗೆ ರಜೆ ಶುರುವಾಗುತ್ತದೆ, ಆಮೇಲೆ ಟೀಚರ್‌ಗಳು ಎಸ್‌ಎಸ್‌ಎಲ್‌ಸಿ ಪೇಪರ್ ತಿದ್ದಲು ಹೊರಟುಬಿಡುತ್ತಾರೆ. ಅದಕ್ಕೆ ಮೊದಲೇ ಮಾಡಿ. ಹತ್ತನೇ ಕ್ಲಾಸಿನವರಿಗೆ ಪರೀಕ್ಷೆ ಮುಗಿದಿರುತ್ತದೆ, ಅವರನ್ನು ಮಾತ್ರ ಮರೆಯದೆ ವಾಪಸ್ ಕರೆಸಿ. ಅವರು ಬರದಿದ್ದರೆ ಯಾವ ಹೆಡ್‌ಗೂ ಸಮಾಧಾನ ಇರುವುದಿಲ್ಲ.

ಇನ್ನು ಬೇಡ ಅನ್ನುವುದರ ಬಗ್ಗೆ. ನನಗೆ ಆಮೇಲೆ ಜೂನ್‌ನಲ್ಲಿ ಒಂದು ಸನ್ಮಾನ ಮಾಡಿದರು. ಮೂರು ಗಂಟೆ ಕುರ್ಚಿಯಲ್ಲಿ ಕೂತಿದ್ದೆ. ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ. ಹನ್ನೊಂದು ಜನ ಭಾಷಣ ಮಾಡಿದರು, ಅದರಲ್ಲಿ ನನ್ನನ್ನು ನಿಜಕ್ಕೂ ಬಲ್ಲವರು ಇಬ್ಬರು. ಮಕ್ಕಳು ಶೀಟಿನ ಚಪ್ಪರದ ಕೆಳಗೆ ಒದ್ದೆ ಬಟ್ಟೆಯಲ್ಲಿ ನೆಲದ ಮೇಲೆ ಕೂತಿದ್ದರು. ಆ ಮಕ್ಕಳ ಮುಖ ನೋಡುತ್ತಾ ನನಗೆ ಯಾವಾಗ ಮುಗಿಯುತ್ತದೋ ಅನಿಸಿತ್ತು. ಶಾಲುಗಳು ಟ್ರಂಕಿನಲ್ಲಿವೆ. ಆದರೆ ಆ ದಿನ ನನಗೆ ಬೇಕಾಗಿದ್ದದ್ದು ಒಂದೇ, ಇನ್ನೊಂದು ಪೀರಿಯಡ್ ಪಾಠ ಮಾಡುವುದು. ಯಾರೂ ಕೇಳಲಿಲ್ಲ, ನನಗೂ ಬಾಯಿ ಬಿಟ್ಟು ಹೇಳಲು ಆಗಲಿಲ್ಲ. ನೀವು ಸನ್ಮಾನ ಅನ್ನಬೇಡಿ. ಒಂದು ಪಾಠ ಮಾಡಿ ಮೇಡಂ, ನಾವು ಹಳಬರೂ ಬಂದು ಕೂರುತ್ತೇವೆ ಅಂತ ಕೇಳಿ. ಬೇಡ ಅನ್ನಲಿಕ್ಕಿಲ್ಲ.

ಇನ್ನೊಂದು ಮುಖ್ಯವಾದದ್ದು, ಇದನ್ನು ಯಾರೂ ಉಡುಗೊರೆ ಅಂದುಕೊಳ್ಳುವುದಿಲ್ಲ. ಚಾರ್ಜ್ ಕೊಡುವ ಕೆಲಸಕ್ಕೆ ಎಸ್‌ಡಿಎಂಸಿಯವರು ಈಗಿಂದಲೇ ಜೊತೆಗೆ ನಿಲ್ಲಿ. ನಗದು ಪುಸ್ತಕ, ದಾಸ್ತಾನು ವಹಿ, ದಾಖಲಾತಿ ವಹಿ, ಟಿ.ಸಿ. ಪುಸ್ತಕ, ಬಿಸಿಯೂಟದ ಅಕ್ಕಿ ಬೇಳೆ ಲೆಕ್ಕ, ಬ್ಯಾಂಕ್ ಖಾತೆಯಲ್ಲಿ ಸಹಿ ಬದಲಾವಣೆ, ಎಲ್ಲಾ ಆಗಬೇಕು. ಏನೂ ಬಾಕಿ ಇಲ್ಲ ಅನ್ನುವ ಬೇಬಾಕಿ ಪತ್ರ ಸಿಗದೆ ಪಿಂಚಣಿ ಕಾಗದ ನಿಂತುಬಿಟ್ಟರೆ ಪಾಪ ನಿವೃತ್ತಿ ಆದವರು ತಿಂಗಳುಗಟ್ಟಲೆ ಓಡಾಡಬೇಕು. ಒಂದು ಮುರಿದ ಬೀರು, ಎರಡು ಕಳೆದುಹೋದ ಕುರ್ಚಿ ಲೆಕ್ಕಕ್ಕೆ ಸಿಗದೆ ನಾನು ನಾಲ್ಕು ಸಲ ಹಳೆ ಶಾಲೆಗೆ ಹೋಗಿಬಂದೆ. ಹಳೆ ಸಾಮಾನನ್ನು ಒಟ್ಟಿಗೆ ಕೂತು ಎಣಿಸಿ ಕೊಡಿ, ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.

ದುಬೈಯಲ್ಲಿರುವ ಕೊಡಗಿನವ

ಅಕ್ಕ, ನಾನೂ ಅದೇ ಶಾಲೆ, ನಿಮಗಿಂತ ಚಿಕ್ಕವನು. ಓದಿದ ಕೂಡಲೇ ಗೊತ್ತಾಯಿತು ಯಾರ ಬಗ್ಗೆ ಅಂತ. ನಮ್ಮ ಬ್ಯಾಚಿನವರು ಇಲ್ಲಿ ಆರು ಜನ ಇದ್ದೇವೆ. ಮೇಡಂಗೆ ಒಂದು ಪವನ್ (ಎಂಟು ಗ್ರಾಂ) ಚಿನ್ನ ಕೊಡೋಣ ಅಂತ ಮಾತಾಡಿಕೊಂಡಿದ್ದೇವೆ. ಮಕ್ಕಳಿಂದ ಒಂದು ರೂಪಾಯಿ ಬೇಡ, ಎಲ್ಲಾ ನಾವೇ ಹಾಕುತ್ತೇವೆ. ಆಮೇಲೆ ಗೇಟಿನಿಂದ ಶಾಲೆವರೆಗೆ ವಾಲಗ ಊದಿಸಿ ಕರೆದುಕೊಂಡು ಹೋಗಬೇಕು. ವಾಲಗ ಇಲ್ಲದೆ ಕೊಡಗಿನಲ್ಲಿ ಯಾವ ಸಂತೋಷ ಅಲ್ವಾ?

ನಿವೃತ್ತ ಮೇಷ್ಟ್ರು, ಶನಿವಾರಸಂತೆ

ವಾಲಗ ಖಂಡಿತ ಇರಲಿ. ಚಿನ್ನ ಬೇಡ ಮಗ. ಸರ್ಕಾರಿ ನೌಕರರು ದೊಡ್ಡ ಉಡುಗೊರೆ ತೆಗೆದುಕೊಳ್ಳಲು ನಿಯಮದಲ್ಲಿ ಮಿತಿ ಇದೆ. ಅವರು ಇನ್ನೂ ಸೇವೆಯಲ್ಲಿರುತ್ತಾರೆ. ಪ್ರೀತಿಯಿಂದ ಕೊಟ್ಟದ್ದೇ ಅವರಿಗೆ ತೊಂದರೆ ಆಗಬಾರದು.

ಪೊನ್ನಂಪೇಟೆ ಅಕ್ಕ

ನನಗೆ ಅನಿಸಿದ್ದು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅವರು ಬೇಡ ಅಂದಿದ್ದಾರೆ ಅಂದರೆ ಬೇಡ ಅಂತಲೇ. ದೊಡ್ಡವರ ಮಾತಿಗೆ ಬೆಲೆ ಕೊಡುವುದೂ ಒಂದು ಮರ್ಯಾದೆ. ನಾವು ಮಾಡುವ ಕಾರ್ಯಕ್ರಮ ಎಷ್ಟೋ ಸಲ ಅವರಿಗಾಗಿ ಅಲ್ಲ, ನಮ್ಮ ಸಮಾಧಾನಕ್ಕೆ. ಮನೆಗೆ ಹೋಗಿ ಕಾಲಿಗೆ ನಮಸ್ಕಾರ ಮಾಡಿ ಬನ್ನಿ, ಸಾಕು.

ತೋಟದ ಅಮ್ಮ

ನಾನು ಎಸ್ಟೇಟಿನಲ್ಲಿ ಕೆಲಸ ಮಾಡುವವಳು. ಮಗ ಟೈಪ್ ಮಾಡಿ ಕೊಡುತ್ತಿದ್ದಾನೆ, ನಾನು ಹೇಳುತ್ತಿದ್ದೇನೆ.

ಮೇಲೆ ಬರೆದ ಅಕ್ಕನ ಮಾತು ಸರಿ ಇರಬಹುದು. ಆದರೆ ನಮ್ಮಂಥವರು ಮೇಡಂ ಮನೆಗೆ ಹೋಗಿ ಏನು ಹೇಳುವುದು? ಶಾಲೆಗೆ ಎಲ್ಲರೂ ಬರುತ್ತಾರೆ ಅಂದರೆ ನಾವೂ ಬರುತ್ತೇವೆ. ಒಬ್ಬರೇ ಹೋಗಲು ಸಂಕೋಚ.

ಜನವರಿ ಫೆಬ್ರವರಿಯಲ್ಲಿ ಕಾಫಿ ಕುಯ್ಯುವ ಕೆಲಸ ಜಾಸ್ತಿ. ಕೆ.ಜಿ. ಲೆಕ್ಕದಲ್ಲಿ ಕೂಲಿ, ಎಷ್ಟು ಕುಯ್ದರೆ ಅಷ್ಟು. ಆಗ ಮನೆಯಲ್ಲಿ ಚಿಕ್ಕ ಮಗು ನೋಡಿಕೊಳ್ಳಲು ದೊಡ್ಡ ಹುಡುಗಿಯನ್ನು ಶಾಲೆ ಬಿಡಿಸುತ್ತೇವೆ. ನಾನೂ ನನ್ನ ಮಗಳನ್ನು ಬಿಡಿಸಿದೆ. ಒಂದು ದಿನ ಬೆಳಿಗ್ಗೆ ಇನ್ನೂ ಮಂಜು ಬಿಟ್ಟಿರಲಿಲ್ಲ, ಮೇಡಂ ಲೈನ್ ಮನೆ ಹತ್ತಿರ ಬಂದು ನಿಂತಿದ್ದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಚಿಕ್ಕವನನ್ನೂ ಜೊತೆಗೆ ಕಳಿಸಿ, ಕ್ಲಾಸಿನಲ್ಲಿ ಅಕ್ಕನ ಪಕ್ಕ ಕೂತಿರಲಿ ಅಂದರು. ಕುಯ್ಲು ಮುಗಿಯುವವರೆಗೆ ಅವನು ಎಂಟನೇ ಕ್ಲಾಸಿನಲ್ಲಿ ಕೂತಿದ್ದ, ಆಗ ಅವನಿಗೆ ಮೂರು ವರ್ಷ. ಮೇಡಂ ಅವನಿಗೆ ಒಂದು ಸ್ಲೇಟು ಕೊಟ್ಟಿದ್ದರು. ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಮಾತಾಡಿ ಮಧ್ಯಾಹ್ನ ನನ್ನನ್ನು ಸ್ವಲ್ಪ ಹೊತ್ತು ಬಿಡುವ ಹಾಗೂ ಮಾಡಿದರು. ಮಗಳು ಈಗ ನರ್ಸಿಂಗ್ ಓದುತ್ತಿದ್ದಾಳೆ. ಈ ಟೈಪ್ ಮಾಡುತ್ತಿರುವುದು ಆ ಸ್ಲೇಟಿನ ಹುಡುಗ.

ಕಾರ್ಯಕ್ರಮ ಮಾಡಿ. ನನಗೆ ಮೈಕಿನಲ್ಲಿ ಮಾತಾಡಲು ಭಯ, ಆದರೆ ಬರುತ್ತೇನೆ. ಭಾನುವಾರ ಇಡಿ, ಇಲ್ಲದಿದ್ದರೆ ನಮಗೆ ಒಂದು ದಿನದ ಕೂಲಿ ಹೋಗುತ್ತದೆ.

ಸಿದ್ದಾಪುರದ ಹಳೆ ವಿದ್ಯಾರ್ಥಿನಿ

ಅಮ್ಮ, ನಿಮ್ಮದನ್ನು ಓದಿ ಸುಮ್ನೆ ಕೂತುಬಿಟ್ಟೆ. ಭಾನುವಾರವೇ ಇಡುತ್ತೇವೆ. ಪೊನ್ನಂಪೇಟೆ ಅಕ್ಕ, ನಿಮ್ಮ ಮಾತನ್ನೂ ತಲೆಯಲ್ಲಿ ಇಟ್ಟುಕೊಂಡಿದ್ದೇನೆ. ಮೊದಲು ಮೇಡಂ ಒಪ್ಪಬೇಕು, ಒಪ್ಪದಿದ್ದರೆ ಇಲ್ಲ. ಮೇಷ್ಟ್ರೇ, ಪಾಠದ ವಿಷಯ ನಾಳೆ ಹೋಗಿ ಕೇಳುತ್ತೇನೆ.

ಸಿದ್ದಾಪುರದ ಹಳೆ ವಿದ್ಯಾರ್ಥಿನಿ

ಕಾರ್ಯಕ್ರಮ ಆಯಿತು. ನೀವೆಲ್ಲಾ ಅಷ್ಟು ಪ್ರೀತಿಯಿಂದ ಬರೆದಿದ್ದಿರಿ, ಹೇಗಾಯಿತು ಅಂತ ತಿಳಿಸದಿದ್ದರೆ ನನಗೇ ಸರಿ ಕಾಣುವುದಿಲ್ಲ.

ಪಾಠ ಅಂದ ಕೂಡಲೇ ಮೇಡಂ ಮುಖ ಅರಳಿತು. ಆದರೆ ಮಕ್ಕಳಿಂದ ಹಣ ಎತ್ತಬಾರದು, ಬ್ಯಾನರ್‌ನಲ್ಲಿ ಫೋಟೋ ಹಾಕಬಾರದು, ಮಕ್ಕಳು ಮೊದಲು ಊಟ ಮಾಡಬೇಕು ಅಂತ ಮೂರು ಷರತ್ತು ಹಾಕಿದರು. ದುಬೈ ತಮ್ಮಂದಿರು ಕೊಟ್ಟ ಹಣದಲ್ಲಿ ಊಟ, ವಾಲಗ ಎರಡೂ ಆಯಿತು. ಉಳಿದದ್ದರಲ್ಲಿ ಐವತ್ತು ದೊಡ್ಡ ಕೊಡೆ ತಂದು ಆಫೀಸಿನಲ್ಲಿ ಇಟ್ಟಿದ್ದೇವೆ, ಮಳೆಯಲ್ಲಿ ಕೊಡೆ ಇಲ್ಲದೆ ಬಂದ ಮಗು ಒಯ್ದು ಮರುದಿನ ತಂದಿಡುವುದು. ಬಿಸಿಯೂಟದ ಅಕ್ಕಂದಿರೇ ಪಾಯಸ ಮಾಡಿದರು, ಕೂಲಿ ಬೇಡ ಅಂದರೂ ಕೊಟ್ಟೆವು.

ವಾಲಗಕ್ಕೆ ಗೇಟಿನಲ್ಲೇ ಹತ್ತನೇ ಕ್ಲಾಸಿನವರು ಕುಣಿಯಲು ಶುರು ಮಾಡಿದರು. ಅಸ್ಸಾಂ ಹುಡುಗಿಯರೂ ಸೇರಿಕೊಂಡರು, ಅವರ ಅಮ್ಮಂದಿರು ಮೊದಲು ಮರದ ಕೆಳಗೆ ನಿಂತು ನೋಡುತ್ತಿದ್ದವರು ಆಮೇಲೆ ಒಳಗೆ ಬಂದರು. ಭಾಷಣ ಮೂರೇ, ಒಂದು ಅವರಲ್ಲೇ ಒಬ್ಬರದು. ಅವರ ಭಾಷೆಯಲ್ಲಿ ಮಾತಾಡಿದರು, ಮಗಳು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳಿದಳು. ತೋಟದ ಅಮ್ಮ ಮೈಕ್ ಹತ್ತಿರ ಬರಲಿಲ್ಲ. ಆದರೆ ಮೇಡಂ ಪಕ್ಕದ ಕುರ್ಚಿಯಲ್ಲಿ ಅವರೇ ಕೂತಿದ್ದರು, ಮೇಡಂ ಕೈ ಹಿಡಿದು ಕೂರಿಸಿಕೊಂಡಿದ್ದರು.

ಊಟ ಆದ ಮೇಲೆ ಪಾಠ. ನಾವು ದೊಡ್ಡವರೆಲ್ಲಾ ಮಕ್ಕಳ ಬೆಂಚಿನಲ್ಲಿ ಕೂತೆವು. ಯಾವ ಪಾಠ ಮಾಡುತ್ತಾರೋ ಅಂತ ಕಾಯುತ್ತಿದ್ದರೆ ಬೋರ್ಡಿನಲ್ಲಿ ಎರಡೇ ಅಕ್ಷರ ಬರೆದರು, ಲ ಮತ್ತು ಳ. ಇವತ್ತು ಹೊರಗಿನಿಂದ ಬಂದವರೂ ಇದ್ದಾರೆ, ಅವರಿಗೂ ಬರಬೇಕು ಅಂದರು. ಕಾಲು, ಕಾಳು. ಹಾಲು, ಹಾಳು. ಒಬ್ಬರಾದ ಮೇಲೆ ಒಬ್ಬರನ್ನು ಎಬ್ಬಿಸಿ ಹೇಳಿಸಿದರು. ಬೆಲೆ, ಬೆಳೆ ಬರೆದು, ಕಾಫಿಗೆ ಇವೆರಡೂ ಒಟ್ಟಿಗೆ ಚೆನ್ನಾಗಿ ಬರುವ ವರ್ಷ ಯಾವಾಗ ಅಂತ ಕೇಳಿದಾಗ ಹಿಂದಿನ ಬೆಂಚಿನ ಬೆಳೆಗಾರರು ಎಲ್ಲರಿಗಿಂತ ಗಟ್ಟಿಯಾಗಿ ನಕ್ಕರು. ಕೊನೆಗೆ ಮಲೆ, ಮಳೆ. ಮಕ್ಕಳು, ಅಮ್ಮಂದಿರು, ನಾವು, ವಾಲಗದವರು, ಎಲ್ಲಾ ಸೇರಿ ಮಳೆ ಅಂತ ಹೇಳಿದೆವು. ಇನ್ನೊಂದು ಸಲ ಅಂದರು. ಇನ್ನೊಂದು ಸಲ ಹೇಳಿದೆವು. ಆಗ ಮೇಡಂ ಬೋರ್ಡಿನ ಕಡೆ ತಿರುಗಿ ಸ್ವಲ್ಪ ಹೊತ್ತು ಹಾಗೇ ನಿಂತರು.

ನಾಲ್ಕು ಗಂಟೆ ಆಯಿತು ಅಂತ ಅವರೇ ಎಬ್ಬಿಸಿದರು. ನಮ್ಮ ಕಡೆ ಸಂಜೆಯಾದರೆ ರಸ್ತೆಗೆ ಆನೆ ಬರುತ್ತದೆ. ಕಾಡಿನ ಕಡೆಯ ಮಕ್ಕಳನ್ನು ಮೊದಲು, ಗುಂಪು ಮಾಡಿ, ದೊಡ್ಡವರೊಬ್ಬರನ್ನು ಜೊತೆಗೆ ಹಾಕಿ ಕಳಿಸಿದರು, ದಿನವೂ ಕಳಿಸುವ ಹಾಗೆಯೇ. ಕೊನೆಯ ಗುಂಪು ತಿರುವು ದಾಟುವವರೆಗೆ ಗೇಟಿನಲ್ಲಿ ನಿಂತಿದ್ದರು.

ಮೇಷ್ಟ್ರೇ, ಸಾಮಾನು ಎಣಿಕೆ ಮುಗಿದಿದೆ. ಎರಡು ಬೆಂಚು ಕಡಿಮೆ ಬಂದಿತ್ತು, ಹುಡುಕಿದರೆ ಅಂಗನವಾಡಿಯಲ್ಲಿತ್ತು.