ಮಂಜನ ಟ್ರೇಲರು, ದೊಡ್ಮನೆ ಬಳಗದ ಜಗಳ

ದೊಡ್ಡಪ್ಪ: (ಫಾರ್ವರ್ಡ್) *ರೈತರಿಗೆ ಸಿಹಿ ಸುದ್ದಿ!!* ಇನ್ನು ಬೈಕ್, ಆಟೊ ಹಿಂದೆ ಟ್ರೇಲರ್ ಎಳೆಯಲು ನೋಂದಣಿ ಬೇಡ, ವಿಮೆ ಬೇಡ. ಸಾಮಾನು ಸಾಗಿಸಿ, ರಾತ್ರಿ ಅದರಲ್ಲೇ ಮಲಗಿ! ಫೋಟೊ ನೋಡಿ. ಹತ್ತು ಜನಕ್ಕೆ ಕಳಿಸಿ 🙏

ಮಂಜ: ಸೂಪರ್ ದೊಡ್ಡಪ್ಪ. ಆಗ್ಲೇ ವೆಲ್ಡಿಂಗ್ ಶಾಪಲ್ಲಿ ಹೇಳಿದೀನಿ, ನನ್ನ ಟಿವಿಎಸ್ ಎಕ್ಸೆಲ್ ಮೊಪೆಡ್ ಹಿಂದೆ ಎರಡು ಚಕ್ರದ್ದು. ಒಂದೇ ಸಲಕ್ಕೆ ಇನ್ನೂರು ಕಾಯಿ ತಿಪಟೂರಿಗೆ.

ಸುಮಾ: ದೊಡ್ಡಪ್ಪ, ಯಾವ ಆದೇಶ ಇದು? ತಾರೀಕಿಲ್ಲ, ನಂಬರಿಲ್ಲ. ಫೋಟೊದಲ್ಲಿರೋದು ಟ್ರೇಲರೇ ಅಲ್ಲ. ನಾಮಕ್ಕಲ್ ಕಡೆ ಆರ್ಕಿಟೆಕ್ಟ್ ಒಬ್ರು ಬಜಾಜ್ ಆಟೊ ಮೇಲೆ ಕಟ್ಟಿದ್ದ 36 ಚದರ ಅಡಿ ಮನೆ. 2021ರಲ್ಲಿ ಆನಂದ್ ಮಹೀಂದ್ರಾ ಟ್ವೀಟ್ ಮಾಡಿದ್ರು.

ದೊಡ್ಡಪ್ಪ: ಎಲ್ಲದಕ್ಕೂ ಸಾಕ್ಷಿ ಕೇಳೋದೇ ಆಯ್ತು ನಿಂದು. ದೊಡ್ಡೋರು ಒಳ್ಳೇದಕ್ಕೆ ಕಳಿಸಿರ್ತಾರೆ ಅನ್ನೋ ಗೌರವ ಬೇಡ್ವಾ?

ಶಾರದತ್ತೆ: ಅಣ್ಣ, ಕರೋನಾ ಟೈಮಲ್ಲಿ ನೀನು ಒಳ್ಳೇದಕ್ಕೆ ಕಳಿಸಿದ್ದ ಕಷಾಯ ಕುಡಿದು ನಮ್ಮ ಯಜಮಾನ್ರು ರಾತ್ರಿಯೆಲ್ಲಾ ಹೊಟ್ಟೆ ಹಿಡ್ಕೊಂಡು ಕೂತಿದ್ರು.

ದೊಡ್ಡಪ್ಪ: ಒಂದು ಲೋಟ ಅಂತ ಬರೆದಿತ್ತು. ಚೊಂಬು ಕುಡಿದ್ರೆ?

ರಘು: ಮಲಗೋ ಗಾಡಿ ಅಂದ್ರೆ ತಾತನ ಕಮಾನು ಗಾಡಿ ಕಣ್ರೋ. ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆಗೆ ಹೋದ್ರೆ ಒಳಗೆ ಹುಲ್ಲು ಹಾಸಿ, ಮೇಲೆ ಕಂಬಳಿ. ಎತ್ತುಗಳ ಗೆಜ್ಜೆ ಕೇಳ್ತಾ ನಿದ್ದೆ ಬರೋದು.

ಶಾರದತ್ತೆ: ಅಜ್ಜಿ ಕಟ್ಟಿಕೊಡ್ತಿದ್ದ ಬುತ್ತಿ!

ಸುಮಾ: ಜಾತ್ರೆ ಆಮೇಲೆ ಮಾಡೋಣ. ಮಂಜ, 1988ರ ಮೋಟಾರು ವಾಹನ ಕಾಯ್ದೆ, ಸೆಕ್ಷನ್ 2(28) ಓದು. ಟ್ರೇಲರೂ ಮೋಟಾರು ವಾಹನವೇ. ಟ್ರ್ಯಾಕ್ಟರ್ ಟ್ರೇಲರ್‌ಗೆ ಬೇರೆ ನಂಬರ್ ಇರೋದು ನೋಡಿಲ್ವಾ? ಕಾನೂನು ಒಪ್ಪದ ಹಾಗೆ ಗಾಡಿ ಬದಲಾಯಿಸಿದ್ರೆ 182ಎ ಪ್ರಕಾರ ಒಂದೊಂದು ಬದಲಾವಣೆಗೂ 5,000 ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು.

ಕಿರಣ್ (ಲೀಡ್ಸ್): ಇಲ್ಲಿ ಬೈಕ್ ಟ್ರೇಲರ್‌ಗೆ ಪರ್ಮಿಷನ್ ಇದೆ. ಆದ್ರೆ ಇಂಜಿನ್ 125 ಸಿಸಿ ದಾಟಿರಬೇಕು, ಟ್ರೇಲರ್ ಅಗಲ ಒಂದು ಮೀಟರ್ ಮೀರಬಾರದು. ಲೋಡ್ ಸೇರಿ ತೂಕ 150 ಕೆ.ಜಿ. ಅಥವಾ ಬೈಕ್ ತೂಕದ ಮೂರರಲ್ಲಿ ಎರಡು ಪಾಲು, ಎರಡರಲ್ಲಿ ಯಾವುದು ಕಮ್ಮಿಯೋ ಅಷ್ಟೇ. ಎಕ್ಸೆಲ್‌ಗೆ ಇಲ್ಲಿ ಕೊಂಡಿ ಹಾಕೋ ಹಾಗೇ ಇಲ್ಲ.

ದೊಡ್ಡಪ್ಪ: ಅಲ್ಲಿ ಕೂತು ಕಾನೂನು ಹೇಳೋದು ಸುಲಭ. ಅಮ್ಮನ ತಿಥಿಗೆ ಬರೋಕೆ ಮಾತ್ರ ರಜ ಸಿಗಲ್ಲ.

ಕಿರಣ್ (ಲೀಡ್ಸ್): ಅದನ್ನ ಇಲ್ಲಿ ಯಾಕೆ ತರ್ತೀರ ದೊಡ್ಡಪ್ಪ?

ಶಿವು ಭಾವ: ಗ್ಯಾರೇಜ್‌ನೋನು ನಾನು, ಒಂದು ಮಾತು ಹೇಳ್ತೀನಿ. ಎಕ್ಸೆಲ್ ತೂಕ ತೊಂಬತ್ತು ಕೆ.ಜಿ.ನೂ ಇಲ್ಲ. ಇನ್ನೂರು ಕಾಯಿ ಅಂದ್ರೆ ನೂರು ಕೆ.ಜಿ. ದಾಟುತ್ತೆ, ಮೇಲೆ ಕಬ್ಬಿಣದ ತೂಕ. ತಿರುವಲ್ಲಿ ಬೈಕ್ ವಾಲುತ್ತೆ, ಎರಡು ಚಕ್ರದ ಟ್ರೇಲರ್ ವಾಲಲ್ಲ. ಕೊಂಡಿ ತಿರುಗದಿದ್ರೆ ಹ್ಯಾಂಡಲ್ ನಿನ್ನ ಮಾತು ಕೇಳಲ್ಲ. ಮೂಟೆ ಅಚ್ಚಿನಿಂದ ಹಿಂದೆ ಜಾರಿದ್ರೆ ಮೂಕಿ, ಅಂದ್ರೆ ಟ್ರೇಲರ್ ಎಳೆಯೋ ಮುಂದಿನ ಕಂಬಿ, ಮೇಲೆ ಎದ್ದು ಬೈಕಿನ ಹಿಂದಿನ ಟೈರಿನ ಹಿಡಿತ ಹೋಗುತ್ತೆ, ಟ್ರೇಲರ್ ಎಡಕ್ಕೂ ಬಲಕ್ಕೂ ಹೊಯ್ದಾಡುತ್ತೆ. ಇಳಿಜಾರಲ್ಲಿ ಬ್ರೇಕ್ ಹಿಡಿದ್ರೆ ಅಷ್ಟೂ ಭಾರ ನಿನ್ನನ್ನೇ ನೂಕುತ್ತೆ.

ಮಂಜ: ನಿಧಾನಕ್ಕೆ ಹೋಗ್ತೀನಿ ಭಾವ.

ಸುಮಾ: ಹಿಂದಿನಿಂದ ಬರೋ ಲಾರಿಯವನು ನಿಧಾನಕ್ಕೆ ಬರಬೇಕಲ್ಲ. ಕತ್ತಲಲ್ಲಿ ರಿಫ್ಲೆಕ್ಟರ್ ಇಲ್ಲದ ಕಬ್ಬಿನ ಟ್ರೇಲರ್‌ಗೆ ಬೈಕಿನವರು ಗುದ್ದೋದು ಪೇಪರಲ್ಲಿ ಓದ್ತಾನೇ ಇದೀವಿ.

ಚಿಕ್ಕಪ್ಪ: ಟ್ರ್ಯಾಕ್ಟರ್ ಇರೋರು ಒಂದು ಟ್ರಿಪ್ ಹೊಡೆದುಕೊಟ್ಟಿದ್ರೆ ಹುಡುಗನಿಗೆ ಈ ಯೋಚನೆನೇ ಬರ್ತಿರ್ಲಿಲ್ಲ.

ದೊಡ್ಡಪ್ಪ: ಯಾರಿಗೆ ಹೇಳ್ತಿದೀಯ ಅದನ್ನ? ಭಾಗ ಆದಾಗ ಟ್ರ್ಯಾಕ್ಟರ್ ಬೇಡ, ಬಾವಿ ಪಕ್ಕದ ತೋಟನೇ ಬೇಕು ಅಂದೋನು ನೀನು.

ಚಿಕ್ಕಪ್ಪ: ಬಾವಿ ಒಣಗಿದ್ದು ಎಲ್ಲರಿಗೂ ಗೊತ್ತಿತ್ತು, ನನಗೊಬ್ಬನಿಗೆ ಬಿಟ್ಟು.

ಶಾರದತ್ತೆ: ಮಕ್ಕಳು ನೋಡ್ತಿದಾರೆ, ಇಬ್ರೂ ಸಾಕು ಮಾಡಿ 🙏

ಸುಮಾ: ಮಂಜ, ಶಾಪಲ್ಲಿ ಎಷ್ಟು ಕೆಲಸ ಆಗಿದೆ?

ಮಂಜ: ಫ್ರೇಮು, ಚಕ್ರ ರೆಡಿ. ಎಕ್ಸೆಲ್‌ಗೆ ಕೊಂಡಿ ಇನ್ನೂ ಬೆಸೆದಿಲ್ಲ.

ಶಿವು ಭಾವ: ಬೆಸೆಯೋದು ಬೇಡ. ಮೂಕಿಗೆ ಹಿಡಿ ಹಾಕಿಸು, ತೋಟದೊಳಗೆ ಕಾಯಿ ನೂಕೋಕೆ ಕೈಗಾಡಿ ಆಗುತ್ತೆ. ತಿಪಟೂರಿಗೆ ನಮ್ಮ ಗೂಡ್ಸ್ ಆಟೊ ಕಳಿಸ್ತೀನಿ, ಡೀಸೆಲ್ ಹಾಕಿಸ್ಕೋ ಸಾಕು.

ಮಂಜ: ಸರಿ ಭಾವ. ಬೆಳಗ್ಗೆ ಶಾಪಿಗೆ ಹೋಗಿ ಹೇಳ್ತೀನಿ.

ದೊಡ್ಡಪ್ಪ: ಆಟೊ ಯಾಕೆ, ಟ್ರ್ಯಾಕ್ಟರ್ ತಗೊಂಡು ಹೋಗ್ಲಿ. ನಾನು ಯಾವತ್ತು ಬೇಡ ಅಂದಿದೀನಿ?

ಚಿಕ್ಕಪ್ಪ: ಹೋದ ವರ್ಷ ಅಂದ್ರಿ.