ಓಟು ನಮ್ಮದು, ಆದರೆ ಅಪ್ಪ ಸಹಿ ಹಾಕಿದ ಆ ಕಾಗದ ಯಾರದ್ದು?

ಪೆರ್ಲದವಳು:

ಎಲ್ಲರಿಗೂ ನಮಸ್ಕಾರ. ನಮ್ಮದು ಕೇರಳಕ್ಕೆ ಸೇರಿದ ಕಾಸರಗೋಡಿನ ಪೆರ್ಲ. ಸ್ವಲ್ಪ ಉದ್ದ ಬರೆಯುತ್ತೇನೆ. ಹದಿನೈದು ದಿನದಿಂದ ಇದೇ ತಲೆಯಲ್ಲಿ ಕೂತಿದೆ.

ಅಪ್ಪನಿಗೆ 68 ವರ್ಷ. ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿದವರು. ಮನೆಯಲ್ಲಿ ತುಳು, ಪೇಪರು ಓದುವುದು ಕನ್ನಡದಲ್ಲಿ. ಪೇಟೆಯಲ್ಲಿ ಮಲಯಾಳ ಮಾತಾಡುತ್ತಾರೆ, ಆದರೆ ಅದರ ಅಕ್ಷರ ಒಂದೂ ಗೊತ್ತಿಲ್ಲ. ನಮಗೆ ಇರುವುದು ಒಂದು ಎಕರೆ ಅಡಿಕೆ ತೋಟ. ಕಳೆದ ತಿಂಗಳು ಮೇಲಿನ ಜಾಗದವರು ಜೆಸಿಬಿ ತಂದು ರಸ್ತೆ ಮಾಡುವಾಗ ನಮ್ಮ ಗಡಿಕಲ್ಲು ಕಿತ್ತು ಹಾಕಿದರು. ಕೇಳಲು ಹೋದ ಅಪ್ಪನನ್ನು ನೂಕಿದರು, ಮೊಣಕೈ ಪೂರ್ತಿ ತರಚಿತು. ಅಪ್ಪ ಒಬ್ಬರೇ ಠಾಣೆಗೆ ಹೋದರು. ಹೇಳಿದ್ದನ್ನೆಲ್ಲ ಒಬ್ಬರು ಮಲಯಾಳದಲ್ಲಿ ಬರೆದುಕೊಂಡರು, ಓದಿ ಹೇಳಲಿಲ್ಲ, 'ಇವಿಡೆ ಒಪ್ಪಿಡ್' (ಇಲ್ಲಿ ಸಹಿ ಹಾಕು) ಅಂತ ಬೆರಳು ತೋರಿಸಿದರು, ಅಪ್ಪ ಸಹಿ ಹಾಕಿ ಬಸ್ಸು ಹತ್ತಿದರು.

ಒಂದು ವಾರವಾದರೂ ಯಾರೂ ಬರಲಿಲ್ಲ. ನಾನು ಮಂಗಳೂರಿನಿಂದ ರಜೆ ಹಾಕಿ ಬಂದು, ಮಲಯಾಳ ಓದಲು ಬರುವ ಗೆಳತಿಯನ್ನು ಕರೆದುಕೊಂಡು ಠಾಣೆಗೆ ಹೋದೆ. ಆ ಕಾಗದ ತೋರಿಸಿದರು. ಅದರಲ್ಲಿ ಇದ್ದದ್ದು ಇಷ್ಟೆ: ನಾವು ಇಬ್ಬರೂ ಮಾತಾಡಿ ರಾಜಿಯಾಗಿದ್ದೇವೆ, ಇನ್ನು ನನಗೆ ದೂರಿಲ್ಲ. ಕೆಳಗೆ ಅಪ್ಪನ ಸಹಿ. ಗುಂಡು ಗುಂಡು ಕನ್ನಡ ಅಕ್ಷರ, ಬ್ಯಾಂಕಿನ ಚೆಕ್ಕಿಗೆ ಹಾಕುವ ಹಾಗೆ ಸಾವಕಾಶವಾಗಿ ಬರೆದದ್ದು. ನನಗೆ ಅಲ್ಲೇ ಅಳು ಬಂತು.

ನಮ್ಮ ಮನೆಯಲ್ಲಿ ಯಾರೂ ಓಟು ತಪ್ಪಿಸಿದವರಲ್ಲ. 2016ರಲ್ಲಿ ಮಂಜೇಶ್ವರದಲ್ಲಿ 89 ಓಟಿನ ಅಂತರದಲ್ಲಿ ಫಲಿತಾಂಶ ಬಂತಲ್ಲ, ಆಗ ಅಪ್ಪ ಊರಿಡೀ ಹೇಳುತ್ತಾ ತಿರುಗಿದ್ದರು, ನೋಡಿ ಒಂದೊಂದು ಓಟಿಗೂ ಎಷ್ಟು ಬೆಲೆ ಅಂತ. ಓಟು ಕೇಳುವ ಚೀಟಿ ಮಾತ್ರ ಎಲ್ಲ ಪಾರ್ಟಿಯವರೂ ಕನ್ನಡದಲ್ಲೇ ತಂದು ಕೊಡುತ್ತಾರೆ. ಈಗ ಅದೇ ಅಪ್ಪ ಜಗಲಿಯಲ್ಲಿ ಕೂತು 'ನಮ್ಮಂಥವರಿಗೆ ಇದೆಲ್ಲ ಅಲ್ಲ ಮಗಾ' ಅನ್ನುತ್ತಾರೆ. ನಾನು ಸಿಟ್ಟಿನಲ್ಲಿ ಕೇಳುತ್ತಿಲ್ಲ, ನಿಜವಾಗಿ ಗೊತ್ತಾಗಬೇಕು ಅಂತ ಕೇಳುತ್ತಿದ್ದೇನೆ. ಪ್ರಜಾಪ್ರಭುತ್ವ ಅಪ್ಪನಂಥ ಒಬ್ಬ ಮನುಷ್ಯನನ್ನು ಕಾಪಾಡುತ್ತದಾ? ಅಥವಾ ಓಟು ಹಾಕಿಸಿಕೊಂಡು ಸುಮ್ನೆ ಬಿಟ್ಟುಬಿಡುತ್ತದಾ?

ಗುಡ್ಡೆಮನೆ ಮೇಷ್ಟ್ರು:

ತಂಗೀ, ಓದಿ ಬೇಸರವಾಯಿತು. ನಾನು ಎಣ್ಮಕಜೆ ಕಡೆಯವನು, ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಮಾಡಿದವನು. ನಿನ್ನ ಪ್ರಶ್ನೆಗೆ ನನಗೆ ತಿಳಿದ ಉತ್ತರ ನಮ್ಮ ಗುಡ್ಡೆಯ ಮೇಲೇ ಇದೆ.

1970ರ ದಶಕದ ಕೊನೆಯಿಂದ 2000ದವರೆಗೆ ನಮ್ಮ ತಲೆಯ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಹೊಡೆದರು. ಗೇರು ತೋಟ ಸರಕಾರದ್ದೇ ತೋಟಗಾರಿಕೆ ನಿಗಮದ್ದು. ಬಾವಿ ಮುಚ್ಚಿಕೊಳ್ಳಿ ಎಂದು ಹೇಳಿ ಹೋಗುತ್ತಿದ್ದರು. ನಾವು ಸೋಗೆ ಹಾಸಿ, ಮೇಲೆ ಗೋಣಿ ಹಾಕಿ ಮುಚ್ಚುತ್ತಿದ್ದೆವು. ಆದರೆ ತೋಡು, ಗುಡ್ಡ ಕೊರೆದ ಸುರಂಗದ ನೀರು, ದನ ಮೇಯುವ ಹುಲ್ಲು, ಇದನ್ನೆಲ್ಲ ಹೇಗೆ ಮುಚ್ಚುವುದು? ಮೊದಲು ಜೇನು ಹೋಯಿತು. ಆಮೇಲೆ ನನ್ನ ಕ್ಲಾಸಿಗೆ ಬರುವ ಮಕ್ಕಳಲ್ಲಿ ವ್ಯತ್ಯಾಸ ಕಾಣತೊಡಗಿತು. ಒಬ್ಬ ಹುಡುಗ ಇದ್ದ, ಸ್ಲೇಟು ಹಿಡಿಯಲು ಆಗುತ್ತಿರಲಿಲ್ಲ, ತಲೆ ಒಂದು ಬದಿಗೆ ವಾಲುತ್ತಿತ್ತು. ಅವನ ತಾಯಿ ದಿನಾ ಸೊಂಟದ ಮೇಲೆ ಹೊತ್ತು ತಂದು ಕೂರಿಸಿ, ಮಧ್ಯಾಹ್ನ ಮತ್ತೆ ಹೊತ್ತುಕೊಂಡು ಹೋಗುತ್ತಿದ್ದಳು. ಅವನಿಗೆ ಆಗ ಒಂಬತ್ತು ವರ್ಷ.

ಈ ಇಪ್ಪತ್ತು ಚಿಲ್ಲರೆ ವರ್ಷದಲ್ಲಿ ಎಷ್ಟು ಚುನಾವಣೆ ಆಯಿತು ಲೆಕ್ಕ ಹಾಕು. ಎಡದವರು ಬಂದರು, ಬಲದವರು ಬಂದರು, ಹೆಲಿಕಾಪ್ಟರು ಮಾತ್ರ ನಿಲ್ಲಲಿಲ್ಲ. ಹಾಗಾಗಿ ಓಟು ಕಾಪಾಡಿತು ಎಂದು ನಾನು ಹೇಳಲಾರೆ. ನಿಲ್ಲಿಸಿದ್ದು ಹೇಗೆ ಗೊತ್ತಾ? ಪೆರಿಯದಲ್ಲಿ ಲೀಲಾಕುಮಾರಿ ಅಮ್ಮ ಎಂಬ ಕೃಷಿ ಇಲಾಖೆಯ ನೌಕರರು 1998ರಲ್ಲಿ ಹೊಸದುರ್ಗದ ಮುನ್ಸೀಫ್ ಕೋರ್ಟಿಗೆ ಹೋಗಿ ತಡೆ ತಂದರು. ದೊಡ್ಡ ಕೋರ್ಟಲ್ಲ, ಅತ್ಯಂತ ಸಣ್ಣ ಕೋರ್ಟು. ಇತ್ತ ಪಡ್ರೆಯಲ್ಲಿ ಡಾಕ್ಟರ್ ಮೋಹನ ಕುಮಾರ್ ತಮ್ಮ ಕ್ಲಿನಿಕ್ಕಿಗೆ ಬರುವ ರೋಗಿಗಳನ್ನು ನೋಡಿ, ಇಷ್ಟೇ ಊರಲ್ಲಿ ಇಷ್ಟೊಂದು ಕಾಯಿಲೆ ಯಾಕೆ ಎಂದು ಕೇಳುತ್ತಲೇ ಇದ್ದರು. 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೇ ತಡೆ ಹಾಕಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ಕೊಡಿ ಎಂದಿತು. ಮೂರು ತಿಂಗಳು ಅಂದದ್ದು ಐದು ವರ್ಷವಾಯಿತು. 2022ರಲ್ಲಿ ಮತ್ತೆ ಅದೇ ಕೋರ್ಟು ಸರಕಾರವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು, ಯಾಕೆಂದರೆ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು ಎಂಟೇ ಜನಕ್ಕೆ, ಅದೂ ಕೋರ್ಟಿಗೆ ಹೋದ ಎಂಟು ಜನಕ್ಕೆ.

ಆ ಹುಡುಗನ ತಾಯಿ ಕೋರ್ಟಿಗೆ ಹೋಗಿರಲಿಲ್ಲ. ಹೋಗಲು ಅವಳಿಗೆ ಬಿಡುವೆಲ್ಲಿತ್ತು?

ಹೊಸಂಗಡಿ ರಾತ್ರಿಪಾಳಿ:

ಮೇಷ್ಟ್ರೇ, ಅಕ್ಕಾ, ನಂದೂ ಒಂದು ಇದೆ. ನಮಗೆ ಆಸ್ಪತ್ರೆ ಅಂದರೆ ಮಂಗಳೂರು. ಅಮ್ಮನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. 2020ರ ಮಾರ್ಚಿನಲ್ಲಿ ಕೊರೊನಾ ಎಂದು ಕರ್ನಾಟಕ ಸರಕಾರ ತಲಪಾಡಿ ಗಡಿ ಮುಚ್ಚಿತು, ಒಳರಸ್ತೆಗಳಿಗೆಲ್ಲ ಮಣ್ಣು ಸುರಿದರು. ನಾವು ಆಂಬುಲೆನ್ಸಿನಲ್ಲಿ ಹೋಗಿ ಆ ಮಣ್ಣಿನ ರಾಶಿಯ ಮುಂದೆ ನಿಂತೆವು. ಆಚೆ ಬದಿಯಿಂದ ಅರ್ಧ ಗಂಟೆಯ ದಾರಿ ಅಷ್ಟೆ. ಅಮ್ಮನ ಕಾಲು ಊದಿಕೊಂಡು ಚಪ್ಪಲಿ ಹಿಡಿಸುತ್ತಿರಲಿಲ್ಲ, ಬರಿಗಾಲಲ್ಲಿ ಸ್ಟ್ರೆಚರಿನ ಮೇಲೆ ಕೂತು 'ಇದೇ ರಸ್ತೆಯಲ್ಲಿ ನಾನು ಮದುವೆಯಾಗಿ ಬಂದದ್ದಲ್ವಾ' ಅಂದರು. ಅಮ್ಮನ ತವರು ಉಳ್ಳಾಲ.

ದೇಶದೊಳಗೆ ಎಲ್ಲಿ ಬೇಕಾದರೂ ಓಡಾಡಬಹುದು ಎಂದು ಸಂವಿಧಾನದ 19ನೇ ವಿಧಿ ಹೇಳುತ್ತದೆ, ಜೀವದ ಹಕ್ಕು 21ನೆಯದು, ಇದನ್ನೆಲ್ಲ ನಾನು ಓದಿದ್ದೇ ಆಮೇಲೆ. ಕೇರಳ ಹೈಕೋರ್ಟು ಏಪ್ರಿಲ್ 1ಕ್ಕೆ ದಾರಿ ಬಿಡಿ ಎಂದಿತು. ಆದರೂ ಬಿಡಲಿಲ್ಲ. ಸುಪ್ರೀಂ ಕೋರ್ಟಿಗೆ ಹೋಗಿ, ಎರಡು ಸರಕಾರದವರು ಕೂತು ಮಾತಾಡಿ, ಏಪ್ರಿಲ್ 7ಕ್ಕೆ ತುರ್ತು ರೋಗಿಗಳನ್ನು ಬಿಡಲು ಒಪ್ಪಿದರು. ಅಷ್ಟರಲ್ಲಿ ಈ ಕಡೆ ಚಿಕಿತ್ಸೆ ಸಿಗದೆ ಹಲವರು ತೀರಿಹೋಗಿದ್ದರು. ನನ್ನ ಅಮ್ಮ ಉಳಿದರು, ಬೇರೆ ಕಡೆ ಡಯಾಲಿಸಿಸ್ ಸಿಕ್ಕಿತು, ಅದು ನಮ್ಮ ಅದೃಷ್ಟ.

ಎರಡೂ ಕಡೆ ಇದ್ದದ್ದು ಜನ ಆರಿಸಿದ ಸರಕಾರವೇ. ನಾನು ಯೋಚಿಸಿದ್ದು ಏನೆಂದರೆ, ಆಚೆಯವರಿಗೆ ನಾವು ಓಟು ಹಾಕುವವರಲ್ಲ. ಅವರ ಓಟುದಾರರಿಗೆ ರೋಗದ ಭಯ ಇತ್ತು, ಅಲ್ಲಿನ ಸರಕಾರ ಆ ಓಟುದಾರರ ಮಾತು ಕೇಳಿತು. ಅದು ತಪ್ಪು ಎಂದು ಹೇಳಲು ಕೋರ್ಟು ಬೇಕಾಯಿತು. ಜಾಸ್ತಿ ಜನ ಒಪ್ಪಿದ್ದಾರೆ ಎಂದ ಮಾತ್ರಕ್ಕೆ ಒಬ್ಬರ ಜೀವ ತೆಗೆಯಬಾರದು ಅಲ್ವಾ?

ಬದಿಯಡ್ಕ ಅಜ್ಜ:

ಮಕ್ಕಳೇ, ನಿಮ್ಮ ನೋವು ಸುಳ್ಳಲ್ಲ. ಆದರೆ ಪ್ರಜಾಪ್ರಭುತ್ವ ಇಲ್ಲದಿದ್ದರೆ ಹೇಗಿರುತ್ತದೆ ಎಂದು ನಾನು 21 ತಿಂಗಳು ನೋಡಿದ್ದೇನೆ. 1975ರ ಜೂನ್ 25ರಿಂದ, ತುರ್ತು ಪರಿಸ್ಥಿತಿಯಲ್ಲಿ. ನಾನಾಗ ಕಾಲೇಜು ಹುಡುಗ. ಬಸ್ಸಿನಲ್ಲಿ ಮಾತಾಡುವಾಗಲೂ ಜನ ಹಿಂದೆ ತಿರುಗಿ ನೋಡುತ್ತಿದ್ದರು. 1976ರ ಮಾರ್ಚಿನಲ್ಲಿ ಕಲ್ಲಿಕೋಟೆಯ ಇಂಜಿನಿಯರಿಂಗ್ ಕಾಲೇಜಿನಿಂದ ರಾಜನ್ ಎಂಬ ಹುಡುಗನನ್ನು ಪೊಲೀಸರು ಎತ್ತಿಕೊಂಡು ಹೋದರು, ಕಕ್ಕಯಂ ಕ್ಯಾಂಪಿಗೆ. ನನಗಿಂತ ಬಹಳ ದೊಡ್ಡವನೇನಲ್ಲ. ಅವನ ಅಪ್ಪ ಈಚರ ವಾರಿಯರ್ ಹಿಂದಿ ಮೇಷ್ಟ್ರು. ಯಾರ ಬಾಗಿಲು ತಟ್ಟಿದರೂ ಉತ್ತರ ಇಲ್ಲ. ಕೋರ್ಟಿಗೆ ಹೋಗೋಣ ಎಂದರೆ, ಅದೇ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ಜಡ್ಜುಗಳು ಹೇಳಿಬಿಟ್ಟರು, ತುರ್ತು ಪರಿಸ್ಥಿತಿಯಲ್ಲಿ ಬಂಧನವನ್ನು ಪ್ರಶ್ನಿಸಲು ಬರುವುದಿಲ್ಲ ಎಂದು. ಇದನ್ನು ಒಪ್ಪದ ಜಡ್ಜು ಎಚ್. ಆರ್. ಖನ್ನಾ ಒಬ್ಬರೇ. ಅದರಿಂದ ಅವರಿಗೆ ಮುಖ್ಯ ನ್ಯಾಯಮೂರ್ತಿಯ ಹುದ್ದೆ ತಪ್ಪಿತು.

1977ರ ಮಾರ್ಚಿನಲ್ಲಿ ಚುನಾವಣೆಯಾಗಿ ತುರ್ತು ಪರಿಸ್ಥಿತಿ ಹೋಯಿತು. ನಾಲ್ಕೇ ದಿನದಲ್ಲಿ ವಾರಿಯರ್ ಹೈಕೋರ್ಟಿನಲ್ಲಿ ಅರ್ಜಿ ಹಾಕಿದರು. ಏಪ್ರಿಲಿನಲ್ಲಿ ಮುಖ್ಯಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಮಗ ಬರಲಿಲ್ಲ, ಮಗನ ಹೆಣವೂ ಸಿಗಲಿಲ್ಲ. ಆದರೆ ಕೇಳುವ ಬಾಯಿ ತೆರೆಯಿತು. 1978ರ 44ನೇ ತಿದ್ದುಪಡಿಯಲ್ಲಿ, ಇನ್ನು ಯಾವ ತುರ್ತು ಪರಿಸ್ಥಿತಿಯಲ್ಲೂ 21ನೇ ವಿಧಿಯನ್ನು ಅಮಾನತಿನಲ್ಲಿ ಇಡುವ ಹಾಗಿಲ್ಲ ಎಂದು ಬರೆದರು.

ಗಡಿನಾಡಿನ ನಮಗೆ ಇನ್ನೊಂದು ನೋವು ಇದ್ದೇ ಇದೆ. 1956ರ ನವೆಂಬರ್ 1ಕ್ಕೆ ನಮ್ಮನ್ನು ಕೇಳಿ ಕೇರಳಕ್ಕೆ ಸೇರಿಸಿದ್ದಲ್ಲ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕು ಎಂದು 1967ರಲ್ಲಿ ಮಹಾಜನ ಆಯೋಗ ಹೇಳಿದ್ದೂ ಕಾಗದದಲ್ಲೇ ಉಳಿಯಿತು. ಅದನ್ನು ಈಗ ಎಳೆಯುವುದಿಲ್ಲ. ಆದರೆ ಮಗಾ, ನಿನ್ನ ಅಪ್ಪನಿಗೆ ಹೇಳು, ಇದು ನಮ್ಮಂಥವರಿಗೇ ಇರುವುದು. ದೊಡ್ಡವರಿಗೆ ರಾಜರ ಕಾಲದಲ್ಲೂ ನಡೆಯುತ್ತಿತ್ತು.

ಉಪ್ಪಳ ನಿವಾಸಿ:

ಒಂದು ಮಾತು, ಸಿಟ್ಟಾಗಬೇಡಿ. ಇದನ್ನು ಬರೀ ಮಲಯಾಳ–ಕನ್ನಡದ ಜಗಳ ಮಾಡಬೇಡಿ. ನಮ್ಮ ಊರಿನ ಕೊರಗರ ಹಾಡಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ, ಅವರಿಗೆ ಕನ್ನಡ ಅಕ್ಷರವೂ ಬರುವುದಿಲ್ಲ. ಅವರ ಹೆಬ್ಬೆಟ್ಟನ್ನು ಕನ್ನಡದ ಕಾಗದದ ಮೇಲೂ ಒತ್ತಿಸಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒತ್ತಿಸಿಕೊಂಡವರು ನಮ್ಮವರೇ, ಕನ್ನಡದವರೇ.

ಪೆರ್ಲದವಳು:

ಉಪ್ಪಳದವರೇ, ನೀವು ಹೇಳಿದ್ದು ಸರಿ. ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಓದಿ ಹೇಳದೆ ಸಹಿ ಹಾಕಿಸಿದ್ದೇ ತಪ್ಪು, ಅದು ಯಾವ ಭಾಷೆಯಾದರೂ.

ಅಜ್ಜಾ, ನಿಮ್ಮ ಮಾತನ್ನು ಅಪ್ಪನಿಗೆ ಓದಿ ಹೇಳಿದೆ. ರಾಜನ್ ವಿಷಯ ಅವರಿಗೂ ನೆನಪಿದೆಯಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದು 'ಹಾಗಾದರೆ ಈಗ ಎಂತ ಮಾಡುವುದು' ಅಂದರು. ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.

ಕೋರ್ಟು ರಸ್ತೆ:

ನಾನು ಕಾಸರಗೋಡಿನಲ್ಲಿ ವಕೀಲರೊಬ್ಬರ ಗುಮಾಸ್ತ. ವಕೀಲನಲ್ಲ, ಆದರೆ ದಿನಾ ಇದೇ ಕೆಲಸ.

ಮೊದಲನೆಯದಾಗಿ ಆ ಕಾಗದ ನೋಡಿ ಹೆದರಬೇಡಿ. ಪೊಲೀಸರು ಕೇಸು ಹೇಗೆ ನಡೆಸಬೇಕು ಎಂದು ಹೇಳುವ ಹೊಸ ಕಾನೂನು, ನಾಗರಿಕ ಸುರಕ್ಷಾ ಸಂಹಿತೆ, 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 173ನೇ ಸೆಕ್ಷನ್ ಪ್ರಕಾರ ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಂಡ ಮೇಲೆ ಹೇಳಿದವರಿಗೆ ಓದಿ ಹೇಳಲೇಬೇಕು, ಆಮೇಲೇ ಸಹಿ. ಎಫ್‌ಐಆರ್ ಆದರೆ ಅದರ ಪ್ರತಿ ದುಡ್ಡಿಲ್ಲದೆ ಕೊಡಬೇಕು. ಹಳೇ ಕಾನೂನಿನಲ್ಲೂ ಹೀಗೇ ಇತ್ತು. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಬರೆದು ಅಂಚೆಯಲ್ಲಿ ಎಸ್‌ಪಿಗೆ ಕಳುಹಿಸಬಹುದು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಹತ್ತಿರ ಹೋಗಬಹುದು. ಸ್ಪೀಡ್ ಪೋಸ್ಟಿನಲ್ಲೇ ಕಳುಹಿಸಿ, ರಸೀದಿ ಜೋಪಾನ.

ದೂರನ್ನು ಕನ್ನಡದಲ್ಲೇ ಬರೆಯಿರಿ. ಭಾಷಾ ಅಲ್ಪಸಂಖ್ಯಾತ ಪ್ರದೇಶದಲ್ಲಿ ಕನ್ನಡದಲ್ಲಿ ಅರ್ಜಿ ಕೊಡಲು, ಕನ್ನಡದಲ್ಲೇ ಉತ್ತರ ಪಡೆಯಲು ಕೇರಳದ ಕಾನೂನಿನಲ್ಲೇ ಅವಕಾಶ ಇದೆ. ಇದನ್ನು ಯಾರೂ ನಮಗೆ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಬೇಗ ಕೆಲಸ ಆಗಲಿ ಎಂದು ಸರಕಾರಿ ಅರ್ಜಿ ಮಾಡಿಕೊಡುವ ಅಕ್ಷಯ ಕೇಂದ್ರದಲ್ಲಿ ಮಲಯಾಳದಲ್ಲೇ ಟೈಪು ಮಾಡಿಸಿಕೊಂಡು ಬರುತ್ತೇವೆ. ಹೀಗೆ ಮಾಡಿ ಮಾಡಿ ಆ ಹಕ್ಕು ಬಳಕೆಯೇ ತಪ್ಪಿದೆ, ನನಗೆ ಅದು ನಿಜಕ್ಕೂ ಸಂಕಟ. ತಡವಾದರೂ ಕನ್ನಡದಲ್ಲಿ ಕೊಡಿ.

ದುಡ್ಡಿನ ಚಿಂತೆ ಇದ್ದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, 1987ರ ಕಾಯ್ದೆ ಪ್ರಕಾರ ಆದಾಯ ಕಡಿಮೆ ಇರುವವರಿಗೆ ವಕೀಲರನ್ನು ಅವರೇ ಕೊಡುತ್ತಾರೆ. ಉಪ್ಪಳದವರೇ, ಆ ಕೊರಗ ಅಜ್ಜಿಗಾದರೆ ಆದಾಯವನ್ನೂ ಕೇಳುವ ಹಾಗಿಲ್ಲ, ಪರಿಶಿಷ್ಟ ಪಂಗಡದವರಿಗೂ ಹೆಂಗಸರಿಗೂ ಅದು ಹಾಗೆಯೇ ಸಿಗಬೇಕು. ನೀವು ಕರೆದುಕೊಂಡು ಹೋಗಿ. ಗಡಿಕಲ್ಲಿನ ವಿಷಯ ಬೇರೆ, ಅದಕ್ಕೆ ತಾಲೂಕು ಸರ್ವೆಯವರಿಂದ ಅಳತೆ ಮಾಡಿಸಲು ಪ್ರತ್ಯೇಕ ಅರ್ಜಿ ಕೊಡಬೇಕು.

ಮೇಷ್ಟ್ರು ಹೇಳಿದ ಎಂಟು ಜನರ ಮಾತು ಮನಸ್ಸಿನಲ್ಲಿ ಕೊರೆಯುತ್ತಿದೆ. ಕಾನೂನು ಎಲ್ಲರಿಗೂ ಇದೆ, ಆದರೆ ಬಸ್ಸು ಹತ್ತಿ ಬಂದವರಿಗೆ ಮಾತ್ರ ಸಿಗುತ್ತದೆ. ನಮ್ಮ ಆಫೀಸಿನ ಮೆಟ್ಟಿಲು ಹತ್ತುವವರನ್ನು ನೋಡುವಾಗ ನನಗೆ ಹತ್ತದವರ ಯೋಚನೆಯೇ ಜಾಸ್ತಿ.

ಗುಡ್ಡೆಮನೆ ಮೇಷ್ಟ್ರು:

ಗುಮಾಸ್ತರೇ, ಬಹಳ ಉಪಕಾರ. ತಂಗೀ, ಕನ್ನಡದಲ್ಲಿ ದೂರು ಬರೆಯಲು ಬೇಕಾದರೆ ನಾನು ಬರೆದುಕೊಡುತ್ತೇನೆ. ಅಪ್ಪನನ್ನು ಕರೆದುಕೊಂಡು ಪೆರ್ಲ ಪೇಟೆಗೆ ಬಾ, ಯಾವ ದಿನವಾದರೂ ಆದೀತು.

ಪೆರ್ಲದವಳು:

ಮೇಷ್ಟ್ರೇ, ನಿನ್ನೆ ರಾತ್ರಿ ಅಪ್ಪನೇ ಬರೆದರು. ಎರಡು ಪುಟ, ಚಿಮಿಣಿ ದೀಪದ ಕಾಲದಲ್ಲಿ ಕಲಿತ ಅಕ್ಷರ, ಒಂದೂ ಕಾಟು ಹೊಡೆದಿಲ್ಲ. ನಾನು ಫೋಟೋ ಕಳುಹಿಸುತ್ತೇನೆ, ತಪ್ಪಿದ್ದರೆ ನೋಡಿ ಹೇಳಿ. ಸೋಮವಾರ ಪೋಸ್ಟಾಫೀಸಿಗೆ ಹೋಗುವುದು. ಸಹಿ ಮಾತ್ರ ಇನ್ನೂ ಹಾಕಿಲ್ಲ. 'ಒಂದು ಸಲ ಗಟ್ಟಿಯಾಗಿ ಓದು ಮಗಾ, ಕೇಳಿ ಹಾಕುತ್ತೇನೆ' ಅಂದರು. ಈಗ ಊಟ ಆಗಿ ಓದಬೇಕು.