ಅಪ್‌ಡೇಟ್: ಲಾರಿಗೆ ಜಿಪಿಎಸ್ ತಗೊಂಡೆ

ಕಲಬುರಗಿಯಿಂದ ತೊಗರಿ ಬೇಳೆ ಲೋಡ್ ಹೊಡೆಯುವ ನಮ್ಮ ಲಾರಿಗೆ ಫೋನ್ ಸಾಕಾ, ಬೇರೆ ಜಿಪಿಎಸ್ ಬೇಕಾ ಅಂತ ಕೇಳಿದ್ದೆನಲ್ಲ? ಲಾರಿಗಂತಲೇ ಮಾಡಿದ 7 ಇಂಚಿನದು ತಗೊಂಡೆ. ಗಾಡಿಯ ಎತ್ತರ, ಉದ್ದ, ತೂಕ ಹಾಕಿದರೆ ಅದಕ್ಕೆ ತಕ್ಕ ದಾರಿ ತೋರಿಸುತ್ತದೆ. ಆದರೆ ರೈಲ್ವೆ ಅಂಡರ್‌ಪಾಸ್‌ಗಳ ಎತ್ತರ ಮ್ಯಾಪ್‌ನಲ್ಲಿ ಎಲ್ಲಾ ಕಡೆ ಇಲ್ಲ. ಶಹಾಬಾದ್ ಹತ್ತಿರ ಒಂದು ಕಡೆ ನೇರ ಹೋಗಿ ಅಂದಿತು. ನಮ್ಮ ಡ್ರೈವರಣ್ಣ ಅಂಡರ್‌ಪಾಸ್ ಎತ್ತರ ಬರೆದ ಬೋರ್ಡ್ ನೋಡಿ ಬ್ರೇಕ್ ಹಾಕಿದರು, ಪುಣ್ಯ!

ಚಾರ್ಜರ್ ಮಾತ್ರ ನೋಡಿ ತಗೊಳ್ಳಿ. ದೊಡ್ಡ ಲಾರಿಯದು 24 ವೋಲ್ಟ್, ಕಾರಿನದು 12. ಬರೀ 12ರ ಚಾರ್ಜರ್ ಚುಚ್ಚಿದರೆ ಸುಟ್ಟೇ ಹೋಗಬಹುದು. 12-24 ಅಂತ ಬರೆದಿರಬೇಕು. ಮ್ಯಾಪ್ ಜಿಪಿಎಸ್ ಒಳಗೇ ಇರೋದರಿಂದ ಮೊಬೈಲ್ ಸಿಗ್ನಲ್ ಇಲ್ಲದಿದ್ದರೂ ನಡೆಯುತ್ತದೆ. ನಮ್ಮ ಬಿಸಿಲಿಗೆ ಗಾಜಿಗೆ ಅಂಟಿಸಿದ ಹೋಲ್ಡರ್ ನಿಲ್ಲಲಿಲ್ಲ, ಡ್ಯಾಶ್‌ಬೋರ್ಡ್‌ಗೆ ಸ್ಕ್ರೂ ಹೊಡೆಸಿದ್ದೇನೆ.